ಮೈಕ್‌ಸೆಟ್‌ನವನನ್ನು ಕೇಳಿ: ಬೆಂಗಳೂರಿನಲ್ಲಿ ಹಾಡು ಹುಡುಕುವ ಬಗೆ

ಅಕ್ಕನ ಮಗಳು ಕೆಲಸ ಸಿಕ್ಕಿ ಅರಸೀಕೆರೆಯಿಂದ ಬೆಂಗಳೂರಿಗೆ ಬಂದಳು. ತಿಂಗಳು ತುಂಬುವುದರೊಳಗೆ ಅವಳದೊಂದು ದೂರು: “ಮಾಮ, ಇಷ್ಟು ದೊಡ್ಡ ಊರಿನಲ್ಲಿ ಎದುರಿಗೆ ಕುಳಿತು ಹಾಡು ಕೇಳುವುದಕ್ಕೆ ಒಂದು ಜಾಗ ಸಿಗುತ್ತಿಲ್ಲ.” ಮೊಬೈಲಿನಲ್ಲಿ ಹುಡುಕಿದಾಗ ಅವಳಿಗೆ ಸಿಕ್ಕಿದ್ದು ಬರೀ ಬಿಯರ್ ಮಾರುವ ಜಾಗಗಳು. ನಾನು ಈ ಊರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಮೈಕ್‌ಸೆಟ್ ಹಾಕುತ್ತಿದ್ದೇನೆ. ಗಣೇಶನ ಪೆಂಡಾಲಿಗೆ ಹಾರ್ನ್ ಕಟ್ಟಿ ಶುರುಮಾಡಿದವನು, ವಿದ್ವಾಂಸರ ಮುಂದೆಯೂ ಗಿಟಾರಿನ ಹುಡುಗರ ಮುಂದೆಯೂ ಮೈಕ್ ನಿಲ್ಲಿಸಿದ್ದೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ನಕ್ಷೆಯನ್ನು ಮುಚ್ಚಿ, ಗೋಡೆಯ ಕ್ಯಾಲೆಂಡರ್ ನೋಡಿ. ಚೆನ್ನೈಗೆ ಡಿಸೆಂಬರ್ ಹೇಗೆ ಸಂಗೀತದ ಹಂಗಾಮೋ ಬೆಂಗಳೂರಿಗೆ ರಾಮನವಮಿ ಹಾಗೆ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ಉತ್ಸವ 1939ರಲ್ಲಿ ಆರಂಭವಾದದ್ದು. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿ ಸುಮಾರು ಒಂದು ತಿಂಗಳು ಕಛೇರಿ ನಡೆಸುತ್ತಾರೆ. ದೇಶದ ದೊಡ್ಡ ವಿದ್ವಾಂಸರು ಬರುತ್ತಾರೆ. ಅದೇ ದಿನಗಳಲ್ಲಿ ಬಡಾವಣೆಯ ಸಣ್ಣ ರಾಮಮಂದಿರಗಳಲ್ಲೂ ಹಾಡುಗಾರಿಕೆ ಇರುತ್ತದೆ. ಅಲ್ಲಿ ಟಿಕೆಟ್ ಇಲ್ಲ, ಮೇಲಾಗಿ ಪಾನಕ, ಕೋಸಂಬರಿ. ನನ್ನನ್ನು ಕೇಳಿದರೆ, ಹೊಸಬರು ಇಂಥ ಮಂದಿರದಿಂದಲೇ ಶುರುಮಾಡಬೇಕು. ಹಾಡುವವರಿಗೂ ನಿಮಗೂ ನಡುವೆ ಹತ್ತು ಅಡಿಯೂ ಇರುವುದಿಲ್ಲ, ಮೃದಂಗದ ತೊಪ್ಪಿಯ, ಅಂದರೆ ಎಡಗೈ ಬಾರಿಸುವ ಬದಿಯ, ನಾದ ಸ್ಪೀಕರಿನ ಹಂಗಿಲ್ಲದೆ ಕಿವಿಗೆ ಬೀಳುತ್ತದೆ.

ಉಳಿದ ತಿಂಗಳುಗಳಿಗೆ ಸಭೆಗಳಿವೆ, ಅಂದರೆ ಕಛೇರಿ ಏರ್ಪಡಿಸುವ ಸಂಗೀತ ಸಂಸ್ಥೆಗಳು. ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ 1905ರದು. ಮಲ್ಲೇಶ್ವರದ ಕಡೆಯವರಿಗೆ ಸೇವಾ ಸದನ, ಪೂರ್ವದವರಿಗೆ ಇಂದಿರಾನಗರ ಸಂಗೀತ ಸಭೆ. ರೇಸ್‌ಕೋರ್ಸ್ ರಸ್ತೆಯ ಭಾರತೀಯ ವಿದ್ಯಾಭವನದಲ್ಲಿ ಹಿಂದೂಸ್ತಾನಿಯೂ ಸಿಗುತ್ತದೆ. ಚೌಡಯ್ಯ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆಂದು ಎಲ್ಲರಿಗೂ ಗೊತ್ತು; ಆದರೆ ಅಲ್ಲಿ ಶಾಲಾ ವಾರ್ಷಿಕೋತ್ಸವವೂ ನಡೆಯುತ್ತದೆ, ನಾಟಕವೂ ನಡೆಯುತ್ತದೆ. ಕಟ್ಟಡ ನಂಬಿ ಹೊರಡಬೇಡಿ. ದಿನಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣವನ್ನು ಬೆಳಗಿನ ಕಾಫಿಯ ಜೊತೆ ಓದಿ. ಒಂದು ಸಭೆಗೆ ಹೋದಾಗ ಬಾಗಿಲ ಬಳಿ ಅಂಟಿಸಿದ ಬೇರೆ ಸಭೆಗಳ ಆಹ್ವಾನಪತ್ರಿಕೆಗಳ ಫೋಟೊ ತೆಗೆದುಕೊಳ್ಳಿ. ಎಷ್ಟೋ ಕಛೇರಿಗಳ ಸುದ್ದಿ ಆ ಬಾಗಿಲು ದಾಟಿ ಹೊರಗೆ ಬರುವುದೇ ಇಲ್ಲ.

ಇನ್ನೊಂದು ಉಪಾಯ ರಸಿಕರಿಗೂ ತಕ್ಷಣ ಹೊಳೆಯುವುದಿಲ್ಲ. ಮುಖ್ಯ ಗಾಯಕರ ಹೆಸರಿಗಿಂತ ಪಕ್ಕವಾದ್ಯದವರ ಹೆಸರನ್ನು ಬರೆದಿಟ್ಟುಕೊಳ್ಳಿ. ದೊಡ್ಡ ಗಾಯಕರು ಈ ಊರಿನಲ್ಲಿ ಹಾಡುವುದು ವರ್ಷಕ್ಕೆ ಕೆಲವೇ ಸಲ. ಒಳ್ಳೆಯ ಮೃದಂಗದವರು ಹಂಗಾಮಿನಲ್ಲಿ ವಾರಕ್ಕೆ ಮೂರು ಸಂಜೆ ಎಲ್ಲಾದರೂ ನುಡಿಸುತ್ತಿರುತ್ತಾರೆ. ಅವರ ಹಿಂದೆ ಹೋದರೆ ನೀವು ಹೆಸರೇ ಕೇಳದ ಸಭೆಗಳು ತಾವಾಗಿ ಪರಿಚಯವಾಗುತ್ತವೆ. (ತನಿ ಆವರ್ತನ, ಅಂದರೆ ಮೃದಂಗದವರು ತಾವೇ ನುಡಿಸುವ ಭಾಗ, ಶುರುವಾದೊಡನೆ ಕ್ಯಾಂಟೀನಿಗೆ ಏಳುವವರನ್ನು ಕಂಡರೆ ನನಗೆ ಆಗದು. ಬೋಂಡ ಎಲ್ಲಿಗೂ ಓಡಿಹೋಗುವುದಿಲ್ಲ.)

ಸುಗಮ ಸಂಗೀತ ಬೇಕಿದ್ದರೆ ಜೆ.ಸಿ. ರಸ್ತೆಗೆ ಹೋಗಿ. ಕನ್ನಡ ಭವನದೊಳಗಿನ ನಯನ ಸಭಾಂಗಣ ಚಿಕ್ಕದು, ಭಾವಗೀತೆಗೆ ಹೇಳಿಮಾಡಿಸಿದ್ದು. ಪಕ್ಕದಲ್ಲೇ ರವೀಂದ್ರ ಕಲಾಕ್ಷೇತ್ರ. ಒಂದರಲ್ಲಿ ಭಾಷಣ ಉದ್ದವಾದರೆ ಇನ್ನೊಂದಕ್ಕೆ ದಾಟಬಹುದು. ಭಾಷಣ ಖಂಡಿತ ಉದ್ದವಾಗುತ್ತದೆ, ಆಹ್ವಾನದಲ್ಲಿ ಬರೆದ ಹೊತ್ತಿಗಿಂತ ಮುಕ್ಕಾಲು ಗಂಟೆ ತಡವಾಗಿ ಹೋದರೂ ನಷ್ಟವಿಲ್ಲ.

ಸಿನಿಮಾ ಹಾಡಿನ ರಸಮಂಜರಿಗೆ ಗಣೇಶನ ಹಬ್ಬದ ದಿನಗಳು, ಆಮೇಲೆ ರಾಜ್ಯೋತ್ಸವ. ನಮ್ಮ ಊರಿನಲ್ಲಿ ನವೆಂಬರ್ ಒಂದನೇ ತಾರೀಕು ಡಿಸೆಂಬರಿನ ತನಕವೂ ನಡೆಯುತ್ತದೆ. ಬಯಲಿನಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ 2000ನೇ ಇಸವಿಯಿಂದ ಇದೆ. ಹಾಗಾಗಿ ಒಳ್ಳೆಯ ಹಾಡುಗಳೆಲ್ಲ ಒಂಬತ್ತರಿಂದ ಹತ್ತರೊಳಗೆ ಬರುತ್ತವೆ. ಊಟ ಮುಗಿಸಿಕೊಂಡೇ ಹೋಗಿ.

ಜನಪದಕ್ಕೆ ನಗರದೊಳಗೆ ಖಾಯಂ ಜಾಗ ಹುಡುಕುವುದಕ್ಕಿಂತ ಮೈಸೂರು ರಸ್ತೆಯಲ್ಲಿ ರಾಮನಗರದ ಜಾನಪದ ಲೋಕಕ್ಕೆ ಹೋಗಿಬರುವುದು ಮೇಲು. ಶಿವರಾತ್ರಿಯ ಜಾಗರಣೆಯಂದು ಮಾತ್ರ ನಗರದಲ್ಲೂ ಅಲ್ಲಲ್ಲಿ ತಂಬೂರಿ, ತತ್ವಪದ ಕೇಳಿಸುತ್ತದೆ.

ಇನ್ನು ರಾಕ್, ಜಾಜ್. ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದ ಊರಿದು, ಕೇಳುವವರಿಗೆ ಬರವಿಲ್ಲ. ಆದರೆ ಸಭೆಗಳ ಹಾಗೆ ಕ್ಲಬ್ಬುಗಳು ನೂರು ವರ್ಷ ಬಾಳುವುದಿಲ್ಲ. ಇಂದಿರಾನಗರದ ಹಮಿಂಗ್ ಟ್ರೀ ಎಷ್ಟು ಹೆಸರು ಮಾಡಿತ್ತು! 2019ರಲ್ಲಿ ಮುಚ್ಚಿತು. ಇಲ್ಲಿ ಜಾಗವನ್ನಲ್ಲ, ತಂಡವನ್ನು ಹಿಂಬಾಲಿಸಿ: ಇಷ್ಟವಾದ ನಾಲ್ಕು ತಂಡಗಳ ಇನ್‌ಸ್ಟಾಗ್ರಾಮ್ ನೋಡುತ್ತಿದ್ದರೆ ಸಾಕು. ಜಾಜ್‌ಗೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಇದೆ, ಮುಂಗಡ ಟಿಕೆಟ್ ತೆಗೆದುಕೊಳ್ಳಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆಸಕ್ತರು ಆರ್.ಟಿ. ನಗರದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಕಡೆ ಗಮನವಿಡಿ. ಕುಡಿಯುವ ಜಾಗವೇ ಬೇಡ ಎನ್ನುವವರಿಗೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇದೆ, ಬಹುಪಾಲು ಕಾರ್ಯಕ್ರಮಗಳಿಗೆ ಹಣ ಕೊಡಬೇಕಿಲ್ಲ. ಕ್ಲಬ್ಬಿಗೆ ಹೋಗುವವರು ಕವರ್ ಚಾರ್ಜ್, ಅಂದರೆ ಒಳಗೆ ಬಿಡಲು ತೆಗೆದುಕೊಳ್ಳುವ ಹಣ, ಊಟದ ಬಿಲ್ಲಿನಲ್ಲಿ ಕಳೆಯುತ್ತದೆಯೇ ಎಂದು ಬಾಗಿಲಲ್ಲೇ ಕೇಳಿ. ಕೊನೆಯ ಮೆಟ್ರೊ ಎಷ್ಟು ಹೊತ್ತಿಗೆಂದು ನೋಡಿಕೊಂಡಿರಿ. ಕಿವಿಗೆ ಬಿರಟೆ ಒಯ್ಯಿರಿ. ನಗಬೇಡಿ, ನನ್ನ ಬಲಗಿವಿಗೆ ಈಗ ತಂಬೂರದ ಸಣ್ಣ ನಾದ ಅರ್ಧವೇ ಕೇಳಿಸುವುದು.

ಎಲ್ಲಿ ಕೂರಬೇಕು? ಪೆಂಡಾಲಾಗಲಿ ಕ್ಲಬ್ಬಾಗಲಿ, ಮೈಕುಗಳ ದನಿಯನ್ನು ಹದಮಾಡುವ ಮಿಕ್ಸರ್ ಎಲ್ಲಿದೆ ನೋಡಿ. ಅದರ ಹಿಂದೆ ಕುಳಿತವನು ತನ್ನ ಕಿವಿಗೆ ಸರಿಯಾಗುವ ಹಾಗೆ ಗುಬುಟು ತಿರುಗಿಸುತ್ತಿರುತ್ತಾನೆ, ಅವನ ಅಕ್ಕಪಕ್ಕದ ಕುರ್ಚಿಗೂ ಅದೇ ಹದ. ಮುಂದಿನ ಸಾಲನ್ನು ಅಧ್ಯಕ್ಷರ ಮನೆಯವರಿಗೆ ಬಿಡಿ.

ಕಾರ್ಯಕ್ರಮ ಮುಗಿದ ಮೇಲೆ ಅವನನ್ನೇ ಕೇಳಿ, ಮುಂದಿನ ವಾರ ಎಲ್ಲೆಲ್ಲಿ ಏನಿದೆ ಎಂದು. ಹಿಂದೂಸ್ತಾನಿಗೆ ಬಳೇಪೇಟೆಯ ತಬಲಾ ರಿಪೇರಿಯವರನ್ನು ಬಿಟ್ಟರೆ ಅವನಷ್ಟು ಗೊತ್ತಿರುವವರು ಇಲ್ಲ. ಶುರುವಾಗುವ ಮುಂಚೆ ಮಾತ್ರ ಮಾತನಾಡಿಸಬೇಡಿ, ಆಗ ಮೈಕ್ ಕೂಗುತ್ತಿರುತ್ತದೆ, ಸಂಘಟಕರೂ ಕೂಗುತ್ತಿರುತ್ತಾರೆ. ಮಂಗಳ ಮುಗಿದು ವೈರು ಸುತ್ತುವಾಗ ಕೇಳಿ. ಕೇಳುವಾಗ ವೈರಿನ ಮೇಲೆ ನಿಂತಿರಬೇಡಿ.