‘ಬ್ರದರ್ಸ್ ಇನ್ ಆರ್ಮ್ಸ್’: ಎಲ್‌ಪಿ ಬಿಟ್ಟು ಸಿಡಿ ತಗೊಂಡಿದ್ದು ಯಾಕೆ

ಬ್ರಿಟನ್ನಿನ ರಾಕ್ ತಂಡ ಡೈರ್ ಸ್ಟ್ರೇಟ್ಸ್‌ನ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಂ ನನ್ನ ಜೊತೆ ಕ್ಯಾಸೆಟ್ ಕಾಲದಿಂದಲೂ ಇದೆ. ಕ್ಯಾಸೆಟ್ ಸವೆದು ಹೋಯಿತು, ಆಮೇಲೆ ಎಂಪಿ3 ಬಂತು, ಅದಾದ ಮೇಲೆ ಸ್ಟ್ರೀಮಿಂಗ್. ಮನೆಗೆ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಬಂದಾಗ ಈ ಆಲ್ಬಂ ಒಂದನ್ನಾದರೂ ಕೈಯಲ್ಲಿ ಹಿಡಿಯುವ ಹಾಗೆ ಇಟ್ಟುಕೊಳ್ಳಬೇಕು ಅನ್ನಿಸಿತು. ಹಳೆಯ ಎಲ್‌ಪಿ (ಸೂಜಿಯಿಂದ ನುಡಿಸುವ ದೊಡ್ಡ ವಿನೈಲ್ ತಟ್ಟೆ) ತಗೊಳ್ಳೋದಾ, ಸಿಡಿ ತಗೊಳ್ಳೋದಾ? ಕೇಳಿದವರೆಲ್ಲ ‘ವಿನೈಲ್ ಮುಂದೆ ಯಾವುದೂ ಇಲ್ಲ, ಸುಮ್ನೆ ಅದನ್ನೇ ತಗೋ’ ಅಂದರು. ನನಗೆ ಆ ಉತ್ತರ ಸಾಕಾಗಲಿಲ್ಲ. ಎಲ್ಲ ಆಲ್ಬಂಗೂ ಒಂದೇ ಉತ್ತರ ಹೇಗೆ ಇರುತ್ತೆ? ಈ ಆಲ್ಬಂ ಹೇಗೆ ತಯಾರಾಯಿತು ಅನ್ನೋದನ್ನು ಮೊದಲು ನೋಡಬೇಕು ಅಲ್ವಾ?

ಇದು ಧ್ವನಿಮುದ್ರಣ ಆಗಿದ್ದು ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಮಾಂಟ್ಸೆರಾಟ್‌ನಲ್ಲಿ. ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅಲ್ಲಿ ಏರ್ ಸ್ಟುಡಿಯೋ ಕಟ್ಟಿಸಿದ್ದರು. (1989ರ ಹ್ಯೂಗೋ ಚಂಡಮಾರುತಕ್ಕೆ ಸಿಕ್ಕಿ ಅದು ಮುಚ್ಚಿಹೋಯಿತು.) ತಂಡದ ಗಾಯಕ, ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಮತ್ತು ಸಹ ನಿರ್ಮಾಪಕ ನೀಲ್ ಡಾರ್ಫ್ಸ್‌ಮನ್ ಸೇರಿ ಸೋನಿಯ 24 ಟ್ರ್ಯಾಕ್ ಡಿಜಿಟಲ್ ಯಂತ್ರದಲ್ಲಿ ಹಾಡುಗಳನ್ನು ಮುದ್ರಿಸಿದರು. ಆಲ್ಬಂ ಹೊರಬಂದಿದ್ದು 1985ರ ಮೇ ತಿಂಗಳಲ್ಲಿ. ಸಿಡಿ ರೂಪದಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಆಲ್ಬಂ ಇದೇ. ಸಿಡಿಯನ್ನು ಜನರಿಗೆ ಪರಿಚಯಿಸಲು ಹೊರಟಿದ್ದ ಫಿಲಿಪ್ಸ್ ಕಂಪನಿ ಈ ತಂಡದ ಪ್ರವಾಸಕ್ಕೆ ಪ್ರಾಯೋಜಕ ಆಗಿತ್ತು.

ಇದರ ಅರ್ಥ ಇಷ್ಟೇ. ‘ಶುದ್ಧ ಅನಲಾಗ್ ಧ್ವನಿ’ (ಸದ್ದನ್ನು ಅಂಕಿಗಳಾಗಿ ಬದಲಿಸದೆ ಅಲೆಯಾಗಿಯೇ ಹಿಡಿದದ್ದು) ಅನ್ನುವ ವಾದ ಈ ಆಲ್ಬಂಗೆ ನಡೆಯೋದಿಲ್ಲ. ಎಲ್‌ಪಿ ಕೂಡ ಡಿಜಿಟಲ್ ಮುದ್ರಣದಿಂದಲೇ ಬಂದದ್ದು. ಎಲ್‌ಪಿ ಕೇಳೋಕೆ ಹಿತ ಅನ್ನಿಸಿದರೆ ಅದರ ಕಾರಣ ಸೂಜಿ ಹಿಡಿದಿರುವ ಕಾರ್ಟ್ರಿಡ್ಜ್, ತಟ್ಟೆಗೆ ಗೆರೆ ಕೊರೆದ ರೀತಿ (ಕಟಿಂಗ್), ನಮ್ಮ ಮನೆಯ ಆಂಪ್ಲಿಫೈಯರ್ ಇರಬಹುದು. ಅದು ತಪ್ಪಲ್ಲ. ಆದರೆ ಮೂಲಕ್ಕೆ ಹತ್ತಿರ ಅಂತ ಹೇಳಿ ಮಾರಿದರೆ ನಾನು ಒಪ್ಪೋದಿಲ್ಲ.

ನನ್ನ ತೀರ್ಮಾನಕ್ಕೆ ದಾರಿ ತೋರಿಸಿದ್ದು ಹಿಂದಿನ ಕವರಿನ ಸಣ್ಣ ಅಕ್ಷರ. ಗೆಳೆಯನೊಬ್ಬನ ಹತ್ತಿರ ಹಳೆಯ ಎಲ್‌ಪಿ ಇತ್ತು, ನಾನು ಸೆಕೆಂಡ್ ಹ್ಯಾಂಡ್ ಸಿಡಿ ಒಂದನ್ನು ಕೆಲವು ನೂರು ರೂಪಾಯಿಗೆ ತಂದಿದ್ದೆ. ಎರಡನ್ನೂ ಪಕ್ಕದಲ್ಲಿಟ್ಟು ಹಾಡುಗಳ ಅವಧಿ ನೋಡುತ್ತಾ ಹೋದೆ. ‘ಸೋ ಫಾರ್ ಅವೇ’ ಸಿಡಿಯಲ್ಲಿ 5 ನಿಮಿಷ 12 ಸೆಕೆಂಡ್, ಎಲ್‌ಪಿಯಲ್ಲಿ ನಾಲ್ಕು ನಿಮಿಷವೂ ಇಲ್ಲ. ‘ಮನಿ ಫಾರ್ ನಥಿಂಗ್’ ಎಂಟೂವರೆ ನಿಮಿಷದ ಹತ್ತಿರ ಇದ್ದದ್ದು ಏಳಕ್ಕೆ ಇಳಿದಿದೆ. ‘ಯುವರ್ ಲೇಟೆಸ್ಟ್ ಟ್ರಿಕ್’ ಆರೂವರೆಯಿಂದ ಐದರೊಳಗೆ. ಎಲ್ಲಕ್ಕಿಂತ ಜಾಸ್ತಿ ಏಟು ಬಿದ್ದಿದ್ದು ‘ವೈ ವರಿ’ಗೆ: ಎಂಟೂವರೆ ನಿಮಿಷದ ಹಾಡು ಐದೂ ಕಾಲು ದಾಟಿ ನಿಂತುಬಿಡುತ್ತದೆ. ಹಾಡು ಮುಗಿದ ಮೇಲೆ ಗಿಟಾರ್ ನಿಧಾನಕ್ಕೆ ಹರಿಯುತ್ತಾ ಹೋಗುವ ಭಾಗಕ್ಕಾಗಿಯೇ ನಾನು ಆ ಹಾಡು ಹಾಕೋದು. ಅದೇ ಮೊಟಕಾಗಿದ್ದರೆ ಏನು ಉಳಿಯಿತು? ಒಟ್ಟಾರೆ ಸಿಡಿ 55 ನಿಮಿಷ, ಒಂದೇ ಡಿಸ್ಕಿನ ಎಲ್‌ಪಿ 48ರ ಒಳಗೆ.

ಕತ್ತರಿ ಬಿದ್ದಿದ್ದು ಮೊದಲ ಬದಿಗೆ ಮಾತ್ರ. ಎರಡನೇ ಬದಿಯ ನಾಲ್ಕು ಹಾಡುಗಳು ಎರಡರಲ್ಲೂ ಒಂದೇ ಉದ್ದ. ಯಾಕೆ ಹೀಗೆ ಅಂದರೆ, ಎಲ್‌ಪಿಯ ಒಂದು ಬದಿಗೆ ಆರಾಮವಾಗಿ ಹಿಡಿಯೋದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಬೇಸ್ ಜಾಸ್ತಿ ಇದ್ದಷ್ಟೂ, ಸದ್ದು ಜೋರಾದಷ್ಟೂ ಸೂಜಿ ಓಡುವ ಗೆರೆ ಅಗಲ ಆಗುತ್ತದೆ, ಜಾಗ ಬೇಕಾಗುತ್ತದೆ. 30x40 ಸೈಟಿನಲ್ಲಿ ನಾಲ್ಕು ಬಾಡಿಗೆ ಮನೆ ಎಬ್ಬಿಸಿದ ಹಾಗೆ, ಸಮಯ ಜಾಸ್ತಿ ತುಂಬಿಸಿದರೆ ಪ್ರತಿ ಗೆರೆಯೂ ಇಕ್ಕಟ್ಟಾಗಿ ಸದ್ದಿನ ಮಟ್ಟ ಇಳಿಸಬೇಕಾಗುತ್ತದೆ. ಮಟ್ಟ ಇಳಿದರೆ ಚಟಪಟ ಸದ್ದು ಎದ್ದು ಕೇಳುತ್ತದೆ. ಇಷ್ಟೆಲ್ಲ ಕತ್ತರಿಸಿದ ಮೇಲೂ ಮೊದಲ ಬದಿ 25 ನಿಮಿಷ ದಾಟುತ್ತದೆ ಅನ್ನೋದನ್ನು ಗಮನಿಸಿ. ಪೂರ್ತಿ ಹಾಕಿದ್ದರೆ ಸುಮಾರು 33 ಆಗುತ್ತಿತ್ತು.

ಇನ್ನೊಂದು ತೊಂದರೆ ಒಳಗಿನ ಗೆರೆಗಳದ್ದು. ತಟ್ಟೆ ತಿರುಗುವ ವೇಗ ಒಂದೇ ಇದ್ದರೂ, ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಲೇಬಲ್ ಹತ್ತಿರ ಬರುವಾಗ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆಯಬೇಕು. ಹಾಗಾಗಿ ಬದಿಯ ಕೊನೆಯ ಹಾಡಿನಲ್ಲಿ ‘ಸ’ಕಾರಗಳು ಒರಟಾಗುತ್ತವೆ, ಸಿಂಬಲ್ ಮಂಕಾಗುತ್ತದೆ. ಈ ಆಲ್ಬಂನಲ್ಲಿ ಬದಿಯ ಕೊನೆಗೆ ಬರೋದು ಯಾವುವು? ಒಂದು ಕಡೆ ‘ವೈ ವರಿ’, ಇನ್ನೊಂದು ಕಡೆ ಗುಡುಗಿನ ಸದ್ದಿನಿಂದ ಶುರುವಾಗುವ ಶೀರ್ಷಿಕೆ ಹಾಡು. ಎರಡೂ ಮೆಲ್ಲಗೆ ನಡೆಯುವ, ಮೌನ ಬೇಕಾದ ಹಾಡುಗಳು. ನಷ್ಟ ಆಗಬಾರದ ಕಡೆಯೇ ನಷ್ಟ.

ಓದಿದ್ದನ್ನು ನಂಬಿ ಕೂರೋ ಬದಲು ಕಿವಿಯಲ್ಲೇ ಪರೀಕ್ಷೆ ಮಾಡಿದೆ. ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿದೆ. ‘ವಾಕ್ ಆಫ್ ಲೈಫ್’ ಎರಡರಲ್ಲೂ ಒಂದೇ ಉದ್ದ ಇರೋದರಿಂದ ಅದನ್ನೇ ಆರಿಸಿಕೊಂಡೆ. ಎರಡನ್ನೂ ಒಟ್ಟಿಗೆ ಶುರುಮಾಡಿ, ಸೆಲೆಕ್ಟರ್ ಗುಂಡಿ ತಿರುಗಿಸುತ್ತಾ ಹೋಗಬಹುದು. ಟರ್ನ್‌ಟೇಬಲ್ ವೇಗ ಕೂದಲೆಳೆಯಷ್ಟು ಜಾಸ್ತಿ ಇದ್ದರೂ ಹಾಡಿನ ಕೊನೆಗೆ ಎಲ್‌ಪಿ ಮುಂದೆ ಓಡಿರುತ್ತದೆ, ಅದೊಂದು ತಮಾಷೆ. ಇಲ್ಲಿ ಮುಖ್ಯವಾದದ್ದು ವಾಲ್ಯೂಮ್. ಎರಡರಲ್ಲಿ ಸ್ವಲ್ಪ ಜೋರಾಗಿರೋದು ನಮ್ಮ ಕಿವಿಗೆ ‘ಚೆನ್ನಾಗಿದೆ’ ಅಂತಲೇ ಕೇಳುತ್ತದೆ. ಫೋನಿನ ಸೌಂಡ್ ಮೀಟರ್ ಆ್ಯಪ್ ಇಟ್ಟು, ಎರಡೂ ಒಂದು ಡೆಸಿಬೆಲ್ ಅಂತರದೊಳಗೆ ಬರುವ ಹಾಗೆ ಮಾಡಿಕೊಂಡೆ. ಫೋನಿನ ಮೀಟರ್ ಪಕ್ಕಾ ಅಲ್ಲ, ಆದರೆ ಒಂದಕ್ಕೊಂದು ಹೋಲಿಸೋಕೆ ಸಾಕು.

‘ವಾಕ್ ಆಫ್ ಲೈಫ್’ನಲ್ಲಿ ವ್ಯತ್ಯಾಸ ಹುಡುಕಿ ಹೇಳಬೇಕು, ಅಷ್ಟೇ. ಎಲ್‌ಪಿಯ ಬೇಸ್ ಸ್ವಲ್ಪ ದುಂಡಗೆ, ಕೇಳೋಕೆ ಹಿತ. ‘ಮನಿ ಫಾರ್ ನಥಿಂಗ್’ ಬೇರೆ ಕಥೆ. ಅತಿಥಿ ಗಾಯಕ ಸ್ಟಿಂಗ್ ದನಿ ದೂರದಿಂದ ತೇಲಿಬಂದು, ಡ್ರಮ್ ಏರುತ್ತಾ ಏರುತ್ತಾ ಗಿಟಾರ್ ಥಟ್ಟನೆ ನುಗ್ಗುತ್ತದಲ್ಲ, ಆ ಮೆಲ್ಲಗಿನ ಶುರು ಸಿಡಿಯಲ್ಲಿ ಪೂರ್ತಿ ನಿಶ್ಶಬ್ದದಿಂದ ಹುಟ್ಟುತ್ತದೆ. ಅದಕ್ಕೇ ಗಿಟಾರ್ ಏಟು ಜೋರಾಗಿ ತಾಗುತ್ತದೆ. ‘ಯುವರ್ ಲೇಟೆಸ್ಟ್ ಟ್ರಿಕ್’ನಲ್ಲಿ ಬ್ರೆಕರ್ ಸಹೋದರರು, ರ‍್ಯಾಂಡಿಯ ಟ್ರಂಪೆಟ್ ಮತ್ತು ಮೈಕೆಲ್‌ನ ಸ್ಯಾಕ್ಸೋಫೋನ್, ಪೂರ್ತಿ ಅವಧಿಯಲ್ಲಿ ಕೇಳಿದರೇನೇ ಚೆನ್ನ. ‘ವೈ ವರಿ’ ಬಗ್ಗೆ ಹೇಳಿಯಾಯಿತು. ಅಲ್ಲಿಗೆ ಪರೀಕ್ಷೆ ಮುಗಿಯಿತು, ಎಲ್‌ಪಿ ಗೆಳೆಯನ ಮನೆಗೆ ವಾಪಸ್ ಹೋಯಿತು.

ಸಿಡಿ ಅಂತ ತೀರ್ಮಾನ ಆದ ಮೇಲೂ ಯಾವ ಸಿಡಿ ಅನ್ನೋ ಪ್ರಶ್ನೆ ಇರುತ್ತದೆ. 1985ರ ಮೊದಲ ಸಿಡಿಯಲ್ಲಿ ‘ಡಿಡಿಡಿ’ ಅನ್ನೋ ಗುರುತು ಇರುತ್ತದೆ: ಮುದ್ರಣ, ಮಿಶ್ರಣ, ಮಾಸ್ಟರಿಂಗ್ (ಡಿಸ್ಕಿಗೆ ಹಾಕುವ ಮುನ್ನದ ಕೊನೆಯ ಹದ) ಮೂರೂ ಡಿಜಿಟಲ್ ಎಂದು. 1996ರಲ್ಲಿ ರೀಮಾಸ್ಟರ್, ಅಂದರೆ ಆ ಹದವನ್ನು ಹೊಸದಾಗಿ ಮಾಡಿದ ಆವೃತ್ತಿ, ಬಂತು. ಅದು ಹಳೆಯದಕ್ಕಿಂತ ಜೋರು. ಕಾರಿನಲ್ಲಿ ಕೇಳೋಕೆ ಅದೇ ಸರಿ ಅನ್ನಬಹುದು. ನನಗೆ ಮಾತ್ರ ಹಳೆಯದೇ ಇಷ್ಟ, ಯಾಕೆಂದರೆ ಮೆಲ್ಲಗಿನ ಜಾಗಕ್ಕೂ ಜೋರಿನ ಜಾಗಕ್ಕೂ ಇರುವ ಅಂತರ ಅದರಲ್ಲಿ ಜಾಸ್ತಿ. 2005ರಲ್ಲಿ ಎಸ್‌ಎಸಿಡಿ (ಸಿಡಿಗಿಂತ ಹೆಚ್ಚು ಮಾಹಿತಿ ಹಿಡಿಯುವ ಡಿಸ್ಕ್) ಬಂತು, ಚಕ್ ಐನ್ಲೇ ಮಾಡಿದ 5.1 ಸರೌಂಡ್ (ಸುತ್ತಲೂ ಆರು ಸ್ಪೀಕರ್ ಬೇಕಾಗುವ) ಮಿಶ್ರಣಕ್ಕೆ ಗ್ರ್ಯಾಮಿಯೂ ಸಿಕ್ಕಿತು. ನಮ್ಮ ಮನೆಯಲ್ಲಿ ಎರಡೇ ಸ್ಪೀಕರ್, ಹಾಗಾಗಿ ಅದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಹಳೆಯ ಸಿಡಿ ಕೊಳ್ಳುವಾಗ ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಜಾಸ್ತಿ ಕಂಡರೆ ಬೆಳ್ಳಿಬಣ್ಣದ ಪದರ ಹಾಳಾಗುತ್ತಿದೆ ಎಂದು ಅರ್ಥ. ಗೀರು ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಇದ್ದರೆ ಪ್ಲೇಯರ್ ಸಂಭಾಳಿಸುತ್ತದೆ. ಸುತ್ತ ವೃತ್ತದ ಹಾಗೆ ಇದ್ದರೆ ಕಷ್ಟ, ಒಂದೇ ಕಡೆ ಉದ್ದಕ್ಕೂ ಮಾಹಿತಿ ಅಳಿಸಿರುತ್ತದೆ. ಒರೆಸುವಾಗಲೂ ಅದಕ್ಕೇ ಮಧ್ಯದಿಂದ ಹೊರಕ್ಕೆ ಒರೆಸಬೇಕು. ಮನೆಗೆ ತಂದ ಮೇಲೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಂಪ್ಯೂಟರಿಗೆ ನಕಲು (ರಿಪ್) ಮಾಡಿ, ಬೇರೆಯವರ ನಕಲುಗಳ ಜೊತೆ ಹೋಲಿಸುವ ಅಕ್ಯುರೇಟ್‌ರಿಪ್‌ನಲ್ಲಿ ತಾಳೆ ನೋಡಿದರೆ ಡಿಸ್ಕ್ ಸರಿಯಿದೆಯಾ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ವಿನೈಲ್‌ನಲ್ಲೇ ಈ ಆಲ್ಬಂ ಬೇಕು ಅನ್ನುವವರಿಗೆ ದಾರಿ ಇಲ್ಲ ಅಂತಲ್ಲ. ಡಬಲ್ ಎಲ್‌ಪಿ ತಗೊಳ್ಳಿ. ಮೊಬೈಲ್ ಫಿಡೆಲಿಟಿ ಅನ್ನೋ ರೆಕಾರ್ಡ್ ಕಂಪನಿಯವರ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಆವೃತ್ತಿ ಇದೆ, ಅಬ್ಬೀ ರೋಡ್ ಸ್ಟುಡಿಯೋದಲ್ಲಿ ಎಂಜಿನಿಯರ್ ಮೈಲ್ಸ್ ಶೋವೆಲ್, ಗೆರೆ ನಿಖರವಾಗಿ ಬರಲಿ ಅಂತ ಅರ್ಧ ವೇಗದಲ್ಲಿ ಕಟ್ ಮಾಡಿದ ಆವೃತ್ತಿಯೂ ಇದೆ. ನಾಲ್ಕು ಬದಿಗೆ ಹಂಚಿರೋದರಿಂದ ಹಾಡುಗಳು ಪೂರ್ತಿ ಇರುತ್ತವೆ, ಗೆರೆಗಳಿಗೆ ಜಾಗವೂ ಸಿಗುತ್ತದೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಬೆಲೆ ಮಾತ್ರ ಸಾವಿರಗಳಲ್ಲಿ. ಎರಡು ಮೂರು ಹಾಡಿಗೊಮ್ಮೆ ಎದ್ದು ಬದಿ ತಿರುಗಿಸಬೇಕು ಬೇರೆ. ಕವರಿನ ಮೇಲಿನ ಮಿರಮಿರ ಮಿಂಚುವ ನ್ಯಾಷನಲ್ ಗಿಟಾರ್ ದೊಡ್ಡದಾಗಿ ಕಾಣಬೇಕು ಅನ್ನುವವರಿಗೆ ಅದೂ ಒಂದು ಕಾರಣವೇ, ನಾನು ನಗೋದಿಲ್ಲ. ಕೊಳ್ಳುವ ಮೊದಲು ‘ವೈ ವರಿ’ ಅವಧಿ ನೋಡಿ. ಎಂಟೂವರೆ ನಿಮಿಷ ಇದ್ದರೆ ಪೂರ್ತಿ ಆವೃತ್ತಿ.

ಇದೇ ತಂಡದ 1982ರ ‘ಲವ್ ಓವರ್ ಗೋಲ್ಡ್’ ವಿಷಯದಲ್ಲಿ ನಾನು ಉಲ್ಟಾ ಮಾಡಿದೆ, ಎಲ್‌ಪಿ ತಗೊಂಡೆ. ಅದು ಅನಲಾಗ್ ಟೇಪಿನ ಕಾಲದ್ದು. ಒಟ್ಟು ಐದೇ ಹಾಡು, 41 ನಿಮಿಷ. 14 ನಿಮಿಷದ ‘ಟೆಲಿಗ್ರಾಫ್ ರೋಡ್’ ಮತ್ತು ‘ಪ್ರೈವೇಟ್ ಇನ್ವೆಸ್ಟಿಗೇಷನ್ಸ್’ ಸೇರಿ ಒಂದು ಬದಿ 21 ನಿಮಿಷ, ಇನ್ನೊಂದು ಬದಿ 20. ಅಳತೆ ಕೊಟ್ಟು ಹೊಲಿಸಿದಂತಿದೆ, ಕತ್ತರಿಗೆ ಕೆಲಸವೇ ಇಲ್ಲ. ಅದನ್ನು ಹಾಕುವ ಮೊದಲು ಬೆಂಗಳೂರಿನ ಧೂಳಿಗೆ ಕಾರ್ಬನ್ ಬ್ರಷ್ ಒಂದು ಸುತ್ತು ಆಡಿಸಲೇಬೇಕು. ‘ಪ್ರೈವೇಟ್ ಇನ್ವೆಸ್ಟಿಗೇಷನ್ಸ್’ ಮೆಲುದನಿಯ ಹಾಡು, ಮೇಲಾಗಿ ಬದಿಯ ಕೊನೆಗೇ ಬರುತ್ತದೆ. ಧೂಳಿದ್ದರೆ ಮೊದಲು ಗೊತ್ತಾಗೋದು ಅಲ್ಲೇ.