ಮಾತಿಗೆ ಮಾತು ಕೊಟ್ಟು ಮಾವು ಮಾರಿದೆ

ಗಿರಾಕಿಗೆ ಎದುರುತ್ತರ ಕೊಟ್ಟರೆ ವ್ಯಾಪಾರ ಕೆಡುತ್ತೆ ಅಂತ ನಮ್ಮ ಶ್ರೀನಿವಾಸಪುರದ ಕಡೆ ಎಲ್ಲರೂ ಹೇಳಿದರು. ಮಂಡಿಯಲ್ಲಂತೂ ನಕ್ಕರು. ಈಗ ಎರಡು ಸೀಸನ್‌ನಿಂದ ನನ್ನ ಬಾದಾಮಿ, ರಸಪುರಿ ಮಾವು ಎರಡೂ ಹೆದ್ದಾರಿ ಪಕ್ಕದಲ್ಲೇ ಖಾಲಿ. ಮಂಡಿಯಲ್ಲಿ ಬಾದಾಮಿ ಕೆಜಿಗೆ 35 ರೂಪಾಯಿ ದಾಟದ ವಾರವೇ ನಾನು 90ಕ್ಕೆ ಮಾರಿದ್ದೀನಿ. ಕಮಿಷನ್ ಇಲ್ಲ, ಹಮಾಲಿ ಇಲ್ಲ.

ಮೊದಲು ತಮಾಷೆ ಸಾಲುಗಳನ್ನು ಬೋರ್ಡಿನಲ್ಲಿ ಬರೆಸಿದ್ದೆ. ಸುಮಾರು 1,500 ರೂಪಾಯಿ ಹೋಯಿತು. ಜನ ಕಾರು ನಿಲ್ಲಿಸಿ, ಫೋಟೋ ತೆಗೆದು, ಹೊರಟೇ ಹೋದರು. ಆಮೇಲೆ ಧ್ವನಿ ರೆಕಾರ್ಡ್ ಮಾಡಿ ಸ್ಪೀಕರ್ ಇಟ್ಟೆ. ಅದಕ್ಕೂ ಯಾರೂ ಇಳಿಯಲಿಲ್ಲ. ಬಾಯಲ್ಲಿ, ಆ ಕ್ಷಣಕ್ಕೆ ಬಂದ ಮಾತೇ ಕೆಲಸ ಮಾಡೋದು.

"ಹಣ್ಣು ಮಾಗಿಸೋಕೆ ಕಾರ್ಬೈಡ್ ಪುಡಿ ಹಾಕಿದ್ದೀರಾ?" ಅಂದ್ರೆ, "ಅದಕ್ಕೆ ದುಡ್ಡು ಕೊಡಬೇಕಕ್ಕಾ, ಹುಲ್ಲಾದ್ರೆ ನಮ್ಮ ಹಸೂದೇ!" ಅಂತೀನಿ. ನಗ್ತಾರೆ. ಆಗಲೇ ಹುಲ್ಲು ಸರಿಸಿ, ತೊಟ್ಟಿನ ಹತ್ತಿರ ಇನ್ನೂ ಹಸಿರು ಉಳಿದ ಹಣ್ಣು ಕೈಗೆ ಕೊಡ್ತೀನಿ. "ಆನ್‌ಲೈನಲ್ಲಿ ಕಮ್ಮಿಗೆ ಸಿಗುತ್ತಲ್ಲಾ?" ಅಂದವರಿಗೆ, "ಹೌದಾ ಸಾರ್? ನಂಗೂ ಎರಡು ಟನ್ ತರಿಸಿಕೊಡಿ, ಇಲ್ಲೇ ಮಾರ್ತೀನಿ."

ಎಲ್ಲಕ್ಕಿಂತ ಜಾಸ್ತಿ ಮಾರಿಸಿಕೊಟ್ಟ ಉತ್ತರ ಬೇರೆ. "ಒಳಗೆ ಚೆನ್ನಾಗಿದೆಯಾ?" ಅಂತ ಕೇಳ್ತಾರೆ. "ನಾನೂ ಒಳಗೆ ಹೋಗಿ ನೋಡಿಲ್ಲ ಸಾರ್, ಬನ್ನಿ, ಒಟ್ಟಿಗೆ ನೋಡೋಣ" ಅಂತ ಕೂಡಲೇ ಕೊಯ್ತೀನಿ. ಬಾದಾಮಿ ಹೊರಗೆ ಬಂಗಾರದಂತಿದ್ದರೂ ಕೆಲವೊಮ್ಮೆ ಒಳಗೆ ಬೆಳ್ಳಗೆ ಸ್ಪಂಜಿನ ಹಾಗಾಗಿರುತ್ತೆ. ಹಾಗಿದ್ದರೆ ಅವರ ಮುಂದೆಯೇ ಬಿಸಾಕಿ ಇನ್ನೊಂದು ಕೊಯ್ಯಬೇಕು. ದಿನಕ್ಕೆ ಮೂರು ನಾಲ್ಕು ಕೆಜಿ ಹೀಗೆ ಹೋಗುತ್ತೆ. ಹೋಗಲಿ. ಹಾಗೆ ನೋಡಿದವರು ಒಂದು ಕೆಜಿ ಕೇಳೋದಿಲ್ಲ, ಬಾಕ್ಸನ್ನೇ ಎತ್ತುತ್ತಾರೆ.

ರೇಟು ಮಾತ್ರ ಇಳಿಸೋದಿಲ್ಲ, ಕೊಸರು ಎರಡು ಹಣ್ಣು ಹಾಕ್ತೀನಿ. ತಮಾಷೆ ಹಣ್ಣಿನ ಮೇಲೆ, ಮರದ ಮೇಲೆ, ಹಸುವಿನ ಮೇಲೆ ಇರಬೇಕು. ಗಿರಾಕಿಯ ಜೇಬಿನ ಮೇಲೆ ಬೇಡ.

ತೋತಾಪುರಿ ಮಾವಿಗೆ ಈ ದಾರಿ ಹಿಡಿಸಲಿಲ್ಲ. ಜ್ಯೂಸ್ ಫ್ಯಾಕ್ಟರಿಗೆ ಹೋಗೋ ಲೋಡು ಅದು, ತೂಕದ ಕಾಟಾ ಮುಂದೆ ನಿಂತು ಎಷ್ಟು ಚೆನ್ನಾಗಿ ಮಾತಾಡಿದರೂ ಕೆಜಿಗೆ ನಾಲ್ಕಾಣೆ ಏರಲ್ಲ. ಅದಕ್ಕೇ ಹೋದ ವರ್ಷ ಒಂದು ಕ್ರೇಟ್ ಕಾಯಿ ಸೀಳಿ, ಉಪ್ಪು ಖಾರ ಹಚ್ಚಿ, ಪ್ಲೇಟಿಗೆ 20 ರೂಪಾಯಿಯಂತೆ ಇಟ್ಟೆ. "ಹುಳಿ ಇದೆಯಾ?" ಅಂದ್ರು ಒಬ್ಬರು. "ತಿಂದ ಮೇಲೆ ನಿಮ್ಮ ಮುಖ ನೋಡಿ ಹೇಳ್ತೀನಿ" ಅಂದೆ. ಮೂರು ಪ್ಲೇಟ್ ತಿಂದರು. ಈ ಸಲ ದಿನಕ್ಕೆ ಎರಡು ಕ್ರೇಟ್ ಸೀಳ್ತೀನಿ.