ಅಮ್ಮನ ಕುಪ್ಪಸದಿಂದ ಕೊರಳಪಟ್ಟಿ: ಕತ್ತರಿ ಹಾಕುವ ಮುಂಚೆ ಒಳಗಡೆ ನೋಡಿ

ಅಮ್ಮನ, ಅಜ್ಜಿಯ ಹಳೆ ಕುಪ್ಪಸದಿಂದ ಕೊರಳಿಗೆ ಹಾಕುವ ಪಟ್ಟಿ ಮಾಡೋಣ ಅಂತಿದ್ದೀರಾ? ಬೆನ್ನಿನ ಚೆಂದದ ಭಾಗಕ್ಕೇ ಕತ್ತರಿ ಹಾಕಬೇಡಿ. ಒಳಮಗ್ಗುಲು ತಿರುಗಿಸಿ, ಬದಿಯ ಹೊಲಿಗೆ ನೋಡಿ.

ನಮ್ಮಮ್ಮನ ಗುಳೇದಗುಡ್ಡ ಖಣದ (ಬಾಗಲಕೋಟೆ ಕಡೆ ನೇಯುವ ಕುಪ್ಪಸದ ಬಟ್ಟೆ) ಕುಪ್ಪಸದಲ್ಲಿ ಅಲ್ಲಿ ಮೂರು ಸಾಲು ಸೂಜಿ ತೂತು ಇದ್ದವು. ಮೈ ತುಂಬಿಕೊಂಡಾಗಲೆಲ್ಲ ಒಂದೊಂದು ಹೊಲಿಗೆ ಬಿಚ್ಚಿಸಿದ್ದಳು. ಕೊನೆಗೆ ಕಾಯಿಲೆಯಲ್ಲಿ ಸೊರಗಿದಾಗ ತಾನೇ ಕೈಹೊಲಿಗೆ ಹಾಕಿ ಬಿಗಿ ಮಾಡಿಕೊಂಡಿದ್ದಳು. ಹೊರಗೆ ಮಾಸಿದ ಬಣ್ಣ, ಮಡಿಕೆಯೊಳಗೆ ಮಾತ್ರ ಹೊಸದರಂಥ ಕಡುಗೆಂಪು. ನಾನು ಕೊರಳಪಟ್ಟಿಗೆ ಬದಿಯ ಆ ತುಂಡನ್ನೇ ತೆಗೆದೆ.

ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ಒದ್ದೆ ಬಿಳಿ ಬಟ್ಟೆಯಿಂದ ಮೂಲೆ ಒರೆಸಿ. ಬಣ್ಣ ಬಿಟ್ಟರೆ ನೀರಿಗೆ ಹಾಕಲೇಬೇಡಿ, ಸುಮ್ನೆ ನೆರಳಲ್ಲಿ ಗಾಳಿಗೆ ಹಾಕಿ. ಬಿಡದಿದ್ದರೆ ತಣ್ಣೀರು, ಸ್ವಲ್ಪ ಅಂಟುವಾಳ ಸಾಕು. ಹಿಂಡಬೇಡಿ.

ಹಳೆ ಬಟ್ಟೆ ಒಂಟಿಯಾಗಿ ಎಳೆತ ತಡೆಯೋದಿಲ್ಲ, ಹಿಂದೆ ಹಳೆ ಪಂಚೆಯ ತುಂಡು ಕೊಡಿ. ಗೋಂದು ಬೇಡ! ನನ್ನ ಮೊದಲ ಪಟ್ಟಿ ರಟ್ಟಿನಂತಾಗಿ ಹಾಳಾಯಿತು. ಸಣ್ಣ ಸೂಜಿ, ಒಂಟಿ ದಾರ, ಕೌದಿಗೆ ಹಾಕುವಂಥ ಓಡುಹೊಲಿಗೆ ಸಾಕು. ತೂತಿನ ಸಾಲುಗಳ ಮೇಲೆ ಹೊಲಿಯಬೇಡಿ, ಅವು ಕಾಣಬೇಕು ಅಲ್ವಾ?

ಕೊರಳಿಗೆ ತಾಗುವ ಕಡೆ ಬೇರೆಯಾಗಿ ಬಿಚ್ಚಿ ಒಗೆಯುವಂಥ ಅಸ್ತರು ಹಾಕಿ. ಬೆವರೇ ಜಾಸ್ತಿ ಹಾಳು ಮಾಡೋದು. ಹುಕ್ಕು ಬಿಸಾಡಬೇಡಿ, ಹಿಂದೆ ಕಟ್ಟಲು ಅವೇ ಆಗುತ್ತವೆ. ಕಾಜಾ ಮಾತ್ರ ಮೂರು ಸಾಲು ಮಾಡಿ. ನಮ್ಮ ಕೊರಳೂ ಹೀಗೇ ಇರೋದಿಲ್ಲವಲ್ಲ.